ಬಿಸಿಯಾಗಿ ನಿಧಾನವಾಗುವ ಲ್ಯಾಪ್‌ಟಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಂತೆ ಲ್ಯಾಪ್‌ಟಾಪ್‌ಗಳ ಬಗೆಗಿನ ಒಂದೇ ದೂರು ನಾನಾ ರೂಪದಲ್ಲಿ ಕೇಳಿಬರುತ್ತದೆ: ಬೆಳಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನದ ಹೊತ್ತಿಗೆ ತೆವಳುತ್ತದೆ, ಫ್ಯಾನು ಮಿಕ್ಸಿಯಂತೆ ಅರಚುತ್ತದೆ, ಕೀಲಿಮಣೆಯ ಮೇಲ್ಭಾಗ ಕೈಯಿಡಲಾಗದಷ್ಟು ಕಾಯುತ್ತದೆ. ಹೀಗಾದಾಗ ಅನೇಕರು ಮೊದಲು ಮಾಡುವ ಕೆಲಸವೆಂದರೆ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು, ಇಲ್ಲವೇ ರ‍್ಯಾಮ್ ಹಾಕಿಸುವುದು. ಶಾಖವೇ ಕಾರಣವಾಗಿದ್ದರೆ ಇವೆರಡರಿಂದಲೂ ಪ್ರಯೋಜನವಿಲ್ಲ. ಆದ್ದರಿಂದ ಇಲ್ಲಿನ ಉತ್ತರಗಳೆಲ್ಲ ಒಂದು ಕ್ರಮವನ್ನು ಹಿಡಿದಿವೆ: ಮೊದಲು ಅಳೆಯಬೇಕು, ಬಿಚ್ಚುವುದು ಆಮೇಲೆ, ಹಣ ಖರ್ಚು ಮಾಡುವುದು ಕೊನೆಗೆ.

ಬಿಸಿಗೂ ವೇಗಕ್ಕೂ ಏನು ಸಂಬಂಧ? ಬಿಸಿಯಾದರೆ ಯಂತ್ರ ನಿಧಾನವೇಕೆ ಆಗಬೇಕು?

ಯಂತ್ರದ ಮಿದುಳಿನಂತಿರುವ ಪ್ರೊಸೆಸರ್ (ಸಿಪಿಯು) ತಾನು ಬಳಸುವ ವಿದ್ಯುತ್ತನ್ನೆಲ್ಲ ಕೊನೆಗೆ ಶಾಖವಾಗಿಯೇ ಹೊರಹಾಕುತ್ತದೆ. ತೆಳು ಲ್ಯಾಪ್‌ಟಾಪ್‌ಗಳ ಪ್ರೊಸೆಸರ್ ಸಾಮಾನ್ಯವಾಗಿ 15 ವ್ಯಾಟ್‌ಗೂ, ಗೇಮಿಂಗ್ ಮತ್ತು ವಿಡಿಯೊ ಸಂಕಲನಕ್ಕೆಂದು ಮಾಡಿದ ಯಂತ್ರಗಳದ್ದು 45 ವ್ಯಾಟ್‌ಗೂ ವಿನ್ಯಾಸಗೊಂಡಿರುತ್ತದೆ. ಆದರೆ ಟರ್ಬೊ ಎಂಬ ತಾತ್ಕಾಲಿಕ ಹೆಚ್ಚುವರಿ ವೇಗದಲ್ಲಿ ಓಡುವಾಗ ಅವುಗಳಲ್ಲಿ ಹಲವು ಸ್ವಲ್ಪ ಹೊತ್ತಿನ ಮಟ್ಟಿಗೆ ಇದರ ದುಪ್ಪಟ್ಟಿಗಿಂತ ಹೆಚ್ಚು ಎಳೆದುಕೊಳ್ಳುತ್ತವೆ. ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ ಹುಟ್ಟುವ ಈ ಶಾಖ ಅಷ್ಟೇ ಬೇಗ ಹೊರಹೋಗದಿದ್ದರೆ ಬಿಲ್ಲೆಯ ತಾಪಮಾನ ಏರುತ್ತಲೇ ಹೋಗುತ್ತದೆ.

ತಯಾರಕರು ಇದಕ್ಕೊಂದು ಮಿತಿಯನ್ನು ಬಿಲ್ಲೆಯೊಳಗೇ ಬರೆದಿಟ್ಟಿರುತ್ತಾರೆ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಅದು ಸುಮಾರು 100 ಡಿಗ್ರಿ ಸೆಲ್ಸಿಯಸ್. ಎಎಂಡಿಯ ಹಲವು ರೈಜನ್ ಪ್ರೊಸೆಸರ್‌ಗಳಲ್ಲಿ 95ರ ಆಸುಪಾಸು. ಆ ಮಿತಿ ತಲುಪಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಇದನ್ನೇ ರಿಪೇರಿಯವರು ಥ್ರಾಟ್ಲಿಂಗ್ ಎನ್ನುತ್ತಾರೆ. 4 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದದ್ದು 2ಕ್ಕೆ, ಕೆಲವೊಮ್ಮೆ 1ಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಇಷ್ಟಾದರೂ ತಾಪಮಾನ ಏರಿದರೆ ಯಂತ್ರ ಯಾವ ಸೂಚನೆಯೂ ಇಲ್ಲದೆ ಪಕ್ಕನೆ ಆರಿಹೋಗುತ್ತದೆ. ಅಂದರೆ ನಿಮಗೆ ಕಾಣುತ್ತಿರುವ ನಿಧಾನಗತಿ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ಬಗೆ. ಹುಡುಕಬೇಕಾದದ್ದು ಶಾಖ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು.

ಎಷ್ಟು ಡಿಗ್ರಿಯಾದರೆ ಚಿಂತಿಸಬೇಕು?

ಸುಮ್ಮನೆ ಇರುವಾಗ 40ರಿಂದ 55 ಡಿಗ್ರಿ, ಭಾರದ ಕೆಲಸದಲ್ಲಿ 75ರಿಂದ 90 ಡಿಗ್ರಿ ಇದ್ದರೆ ಅದು ಲ್ಯಾಪ್‌ಟಾಪ್‌ಗೆ ಸಹಜ. ಯಾವುದೋ ಕಡತ ತೆರೆಯುವಾಗ ಒಂದೆರಡು ಸೆಕೆಂಡು 95 ಮುಟ್ಟಿ ಇಳಿದರೂ ಗಾಬರಿ ಬೇಕಿಲ್ಲ. ಏನೂ ಮಾಡದೆ ಇರುವಾಗಲೇ 70 ದಾಟಿದ್ದರೆ ಅಥವಾ ಸಾಧಾರಣ ಕೆಲಸದಲ್ಲಿ ನಿಮಿಷಗಟ್ಟಲೆ ಮಿತಿಗೆ ಅಂಟಿಕೊಂಡೇ ಇದ್ದರೆ ಏನೋ ಕೆಟ್ಟಿದೆ ಎಂದರ್ಥ.

ಹೊರಮೈ ಮುಟ್ಟಿ ತೀರ್ಮಾನಿಸಬೇಡಿ. ಲೋಹದ ಮೈಯ ಲ್ಯಾಪ್‌ಟಾಪ್ ಶಾಖವನ್ನು ಹೊರಕ್ಕೆ ಹರಡುವುದರಿಂದ ಕೈಗೆ ಹೆಚ್ಚು ಬಿಸಿ ಎನಿಸುತ್ತದೆ. ಪ್ಲಾಸ್ಟಿಕ್ ಮೈಯದ್ದು ಒಳಗೆ ಕುದಿಯುತ್ತಿದ್ದರೂ ತಣ್ಣಗಿರುವಂತೆ ತೋರಬಹುದು.

ನಿಧಾನಕ್ಕೆ ಕಾರಣ ಶಾಖವೋ ಬೇರೆಯದೋ ಎಂದು ತಿಳಿಯುವುದು ಹೇಗೆ?

ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮೊದಲ ಸುಳಿವು ಸಮಯದ್ದು. ರಾತ್ರಿಯೆಲ್ಲ ಆರಿಸಿಟ್ಟ ಯಂತ್ರವನ್ನು ಬೆಳಗ್ಗೆ ಹಚ್ಚಿದ ಕ್ಷಣದಿಂದಲೇ ಅದು ನಿಧಾನವಾಗಿದ್ದರೆ ಶಾಖವನ್ನು ದೂರಬೇಡಿ. ಅಲ್ಲಿ ಹಳೆಯ ಹಾರ್ಡ್ ಡಿಸ್ಕ್, ಸಾಲದ ರ‍್ಯಾಮ್ ಅಥವಾ ತುಂಬಿಹೋದ ಸಿ ಡ್ರೈವ್ ಕಾರಣವಾಗಿರುವುದೇ ಹೆಚ್ಚು. ಮೊದಲ 10–20 ನಿಮಿಷ ಚುರುಕಾಗಿದ್ದು, ಆಮೇಲೆ ಫ್ಯಾನಿನ ಸದ್ದು ಏರಿ, ಅದರ ಬೆನ್ನಿಗೇ ನಿಧಾನವಾದರೆ ಅನುಮಾನ ಶಾಖದ ಕಡೆಗೆ ತಿರುಗಬೇಕು.

ಎರಡನೆಯ ಸುಳಿವನ್ನು ವಿಂಡೋಸ್ ತಾನೇ ಕೊಡುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಮೇಲೆ ಒತ್ತಿದರೆ ಆ ಕ್ಷಣದ ವೇಗವೂ ಮೂಲ ವೇಗವೂ ಗಿಗಾಹರ್ಟ್ಸ್‌ನಲ್ಲಿ ಕಾಣುತ್ತವೆ. ಯಂತ್ರ ತೆವಳುತ್ತಿರುವಾಗ ಸಿಪಿಯುವಿಗೆ ಬಿಡುವಿಲ್ಲದಷ್ಟು ಕೆಲಸವಿದ್ದೂ ವೇಗ ಮೂಲ ವೇಗಕ್ಕಿಂತ ಕೆಳಗಿದ್ದರೆ ಪ್ರೊಸೆಸರನ್ನು ಶಾಖವೋ ವಿದ್ಯುತ್ ಕೊರತೆಯೋ ಹಿಡಿದು ನಿಲ್ಲಿಸಿದೆ. ವೇಗ ಸರಿಯಾಗಿದ್ದು ಮೆಮೊರಿ ಶೇ 90 ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಡಿಸ್ಕ್ ಶೇ 100ರಲ್ಲೇ ನಿಂತಿದ್ದರೆ, ಅದರಲ್ಲೂ ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು.

ಟಾಸ್ಕ್ ಮ್ಯಾನೇಜರ್ ಗ್ರಾಫಿಕ್ಸ್ ಕಾರ್ಡಿನ ತಾಪಮಾನವನ್ನು ತೋರಿಸಬಲ್ಲದಾದರೂ ಪ್ರೊಸೆಸರ್‌ನದನ್ನು ತೋರಿಸುವುದಿಲ್ಲ. ಅದಕ್ಕೆ ಎಚ್‌ಡಬ್ಲ್ಯು ಇನ್ಫೊ ಅಥವಾ ಕೋರ್ ಟೆಂಪ್ ಎಂಬ ಉಚಿತ ತಂತ್ರಾಂಶಗಳನ್ನು ಅವುಗಳ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. ಎಚ್‌ಡಬ್ಲ್ಯು ಇನ್ಫೊದಲ್ಲಿ ಥರ್ಮಲ್ ಥ್ರಾಟ್ಲಿಂಗ್ ಎಂಬ ಸಾಲೇ ಇದ್ದು, ಅದರೆದುರು ಯೆಸ್ (ಹೌದು) ಎಂದು ಬಂದಿದ್ದರೆ ಚರ್ಚೆ ಅಲ್ಲಿಗೆ ಮುಗಿಯಿತು.

ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವುದು ಬಿಟ್ಟರೆ ಬೇರೇನೂ ಮಾಡುವುದಿಲ್ಲ. ಆದರೂ ಫ್ಯಾನು ಯಾಕೆ ಜೋರಾಗಿ ಓಡುತ್ತದೆ?

ನುಡಿಯಾಗಲಿ ಬರಹವಾಗಲಿ ಪ್ರೊಸೆಸರ್‌ಗೆ ಲೆಕ್ಕಕ್ಕಿಲ್ಲದ ಭಾರ. ಬೆನ್ನ ಹಿಂದೆ ಬೇರೆ ಯಾವುದೋ ಓಡುತ್ತಿದೆ. ಟಾಸ್ಕ್ ಮ್ಯಾನೇಜರ್‌ನ ಪ್ರೊಸೆಸಸ್ ವಿಭಾಗದಲ್ಲಿ ಸಿಪಿಯು ಎಂಬ ತಲೆಬರಹದ ಮೇಲೆ ಒತ್ತಿದರೆ ಹೆಚ್ಚು ತಿನ್ನುವವರು ಮೇಲಕ್ಕೆ ಬರುತ್ತಾರೆ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್ ತಪಾಸಣೆ, ಕಡತಗಳ ಸೂಚಿ ಸಿದ್ಧಪಡಿಸುವ ಕೆಲಸ ಇವು ಸಾಮಾನ್ಯ ಅತಿಥಿಗಳು. ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟರೆ ತಾವೇ ಮುಗಿಸಿ ಹೋಗುತ್ತವೆ. ಎರಡು ಆಂಟಿವೈರಸ್‌ಗಳನ್ನು ಹಾಕಿಕೊಂಡಿದ್ದರೆ ಒಂದನ್ನು ತೆಗೆಯಿರಿ.

ಕ್ರೋಮ್ ಬ್ರೌಸರ್‌ಗೆ ತನ್ನದೇ ಟಾಸ್ಕ್ ಮ್ಯಾನೇಜರ್ ಇದೆ. ಶಿಫ್ಟ್ ಮತ್ತು ಎಸ್ಕೇಪ್ ಒತ್ತಿದರೆ ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಎಂಬುದು ಬಯಲಾಗುತ್ತದೆ. ಹೆಸರೇ ಗೊತ್ತಿಲ್ಲದ ಒಂದು ಪ್ರೊಗ್ರಾಮ್ ದಿನವಿಡೀ ಪ್ರೊಸೆಸರನ್ನು ದುಡಿಸುತ್ತಿದ್ದು, ನೀವು ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತಿದ್ದರೆ, ಅದು ನಿಮ್ಮ ಯಂತ್ರದಲ್ಲಿ ಕಳ್ಳತನದಿಂದ ಕ್ರಿಪ್ಟೊ ನಾಣ್ಯ ಗಣಿಗಾರಿಕೆ ನಡೆಸುವ ಕುತಂತ್ರಾಂಶವಾಗಿರುವ ಸಾಧ್ಯತೆಯಿದೆ. ಪೈರೇಟೆಡ್ ತಂತ್ರಾಂಶಗಳ ಜೊತೆ ಇಂಥವು ಬರುವುದುಂಟು. ಫಾರ್ಮ್ಯಾಟ್ ಮಾಡಿಸುವುದು ನಿಜಕ್ಕೂ ಉಪಯೋಗಕ್ಕೆ ಬರುವುದು ಈ ಸಂದರ್ಭದಲ್ಲಿ.

ಧೂಳು ನಿಜವಾಗಿಯೂ ಅಷ್ಟು ತೊಂದರೆ ಕೊಡುತ್ತದೆಯೇ? ಹೊರಗಿನಿಂದ ಒರೆಸುತ್ತಲೇ ಇರುತ್ತೇನಲ್ಲ?

ಹೊರಗೆ ಒರೆಸುವ ಧೂಳಿಗೂ ತೊಂದರೆ ಕೊಡುವ ಧೂಳಿಗೂ ಸಂಬಂಧವಿಲ್ಲ. ಪ್ರೊಸೆಸರ್‌ನ ಮೇಲೆ ಕೂತ ತಾಮ್ರದ ಚಪ್ಪಟೆ ಕೊಳವೆಯೊಳಗೆ ಕಡಿಮೆ ಒತ್ತಡದಲ್ಲಿ ಒಂದಿಷ್ಟು ನೀರಿರುತ್ತದೆ. ಅದು ಬಿಸಿ ತುದಿಯಲ್ಲಿ ಆವಿಯಾಗಿ, ಇನ್ನೊಂದು ತುದಿಯಲ್ಲಿ ತಣಿದು ನೀರಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮತ್ತೆ ಹಿಂದಿರುಗುತ್ತದೆ. ಆ ತಣಿಯುವ ತುದಿಗೆ ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ ಜೋಡಿಸಿದ ಲೋಹದ ತಗಡುಗಳಿದ್ದು, ಫ್ಯಾನು ಅವುಗಳ ನಡುವೆ ಗಾಳಿಯನ್ನು ನೂಕಿ ಶಾಖವನ್ನು ಹೊರಹಾಕುತ್ತದೆ. ಬಟ್ಟೆಯ ಎಳೆ, ಕೂದಲು, ಧೂಳು ಸೇರಿ ಹೆಣೆದುಕೊಳ್ಳುವುದು ಫ್ಯಾನಿಗೂ ಈ ತಗಡುಗಳಿಗೂ ನಡುವೆ. ಎರಡು ಮೂರು ವರ್ಷ ಬಿಚ್ಚದ ಯಂತ್ರದಲ್ಲಿ ಅಲ್ಲಿಂದ ಕಂಬಳಿಯ ತುಂಡಿನಂಥ ಪದರ ಎದ್ದುಬರುವುದುಂಟು. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಹೊರಬರುವುದಿಲ್ಲ. ಬಿಸಿಗಾಳಿ ಬರಬೇಕಾದ ಕಿಂಡಿಯೆದುರು ಅಂಗೈ ಹಿಡಿದು ನೋಡಿ; ಸದ್ದು ಜೋರಾಗಿದ್ದು ಗಾಳಿ ಸಣ್ಣದಾಗಿದ್ದರೆ ಒಳಗೆ ಕಟ್ಟಿಕೊಂಡಿದೆ.

ಅಡುಗೆಮನೆಗೆ ಹತ್ತಿರ ಕೂತು ಕೆಲಸ ಮಾಡುವವರ ಯಂತ್ರಗಳಲ್ಲಿ ಒಗ್ಗರಣೆಯ ಎಣ್ಣೆ ಹಬೆ ಸೇರಿ ಈ ಪದರ ಜಿಗುಟಾಗಿರುತ್ತದೆ, ಬರೀ ಗಾಳಿ ಊದಿದರೆ ಹೋಗುವುದಿಲ್ಲ. ಆಯುಧಪೂಜೆಯ ದಿನ ಕೀಲಿಮಣೆಗೂ ಗಾಳಿಕಿಂಡಿಗೂ ಅರಿಶಿನ ಕುಂಕುಮ ಉದುರಿಸುವ ರೂಢಿಯ ಬಗ್ಗೆಯೂ ಒಂದು ಮಾತು: ಮುಚ್ಚಿದ ಲ್ಯಾಪ್‌ಟಾಪ್‌ನ ಬೆನ್ನಿಗೆ ಒಂದು ಬೊಟ್ಟಿಟ್ಟು ಹೂವಿಟ್ಟರೆ ಪೂಜೆಗೇನೂ ಕುಂದು ಬರುವುದಿಲ್ಲ, ಕುಂಕುಮದ ನುಣ್ಣನೆಯ ಪುಡಿ ಫ್ಯಾನಿನ ಬೇರಿಂಗಿಗೆ ಹೋಗುವುದೂ ತಪ್ಪುತ್ತದೆ.

ಧೂಳನ್ನು ಮನೆಯಲ್ಲೇ ತೆಗೆಯಬಹುದೇ?

ತೆಗೆಯಬಹುದು, ಕೆಲವು ಎಚ್ಚರಿಕೆಗಳೊಂದಿಗೆ. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಚಾರ್ಜರ್ ಕಿತ್ತು, ಹೊರಗಿನಿಂದಲೇ ಊದುವುದಾದರೆ ಸಂಕುಚಿತ ಗಾಳಿಯ ಡಬ್ಬಿಯನ್ನು ನೆಟ್ಟಗೆ ಹಿಡಿದು, ಚಿಕ್ಕ ಚಿಕ್ಕ ಊದುಗಳಲ್ಲಿ ಕಿಂಡಿಗಳಿಗೆ ಹೊಡೆಯಿರಿ. ಡಬ್ಬಿಯನ್ನು ತಲೆಕೆಳಗು ಮಾಡಿದರೆ ಗಾಳಿಯ ಬದಲು ಮಂಜಿನಂತೆ ಕೊರೆಯುವ ದ್ರವ ಹೊರಬರುತ್ತದೆ. ಅಂಗಡಿಗಳಲ್ಲಿ ಬಳಸುವ ವಿದ್ಯುತ್ ಬ್ಲೋವರ್ ಅತಿ ಬಿರುಸಿನದ್ದು. ಅದರ ಗಾಳಿಗೆ ಫ್ಯಾನು ತನ್ನ ಮಿತಿಗಿಂತ ವೇಗವಾಗಿ ಗಿರಗಿರನೆ ತಿರುಗಿ ಬೇರಿಂಗ್ ಹಾಳಾಗಬಹುದಾದ್ದರಿಂದ ಹಲ್ಲುಕಡ್ಡಿಯೊಂದನ್ನು ಕಿಂಡಿಯ ಮೂಲಕ ತೂರಿಸಿ ರೆಕ್ಕೆಯನ್ನು ತಡೆದು ಹಿಡಿಯಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅದರ ಮೂತಿಯಲ್ಲಿ ಸ್ಥಾಯಿ ವಿದ್ಯುತ್ ಸಂಗ್ರಹವಾಗುತ್ತದೆ.

ಹೊರಗಿನಿಂದ ಊದಿದಾಗ ಧೂಳಿನ ಪದರ ಒಡೆದು ಒಳಗೇ ಚದುರುವುದೂ ಉಂಟು, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ತಳದ ಮುಚ್ಚಳ ತೆಗೆದು ಮೆತ್ತನೆಯ ಬ್ರಷ್‌ನಿಂದ ತೆಗೆಯುವುದೇ ಸರಿಯಾದ ಕ್ರಮ. ತೆರೆದೊಡನೆ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಬೇಕು. ಸ್ಕ್ರೂಗಳ ಉದ್ದ ಒಂದೇ ಆಗಿರುವುದಿಲ್ಲ. ಉದ್ದನೆಯದನ್ನು ಗಿಡ್ಡದ ಜಾಗಕ್ಕೆ ಬಿಗಿದು ಮದರ್‌ಬೋರ್ಡನ್ನೇ ತೂತು ಮಾಡಿಕೊಂಡವರಿದ್ದಾರೆ. ಕಾಗದದ ಮೇಲೆ ತಳದ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂಗಳನ್ನು ಇಟ್ಟುಕೊಳ್ಳಿ.

ಥರ್ಮಲ್ ಪೇಸ್ಟ್ ಬದಲಾಯಿಸಬೇಕು ಎನ್ನುತ್ತಾರೆ. ಏನದು?

ಪ್ರೊಸೆಸರ್‌ನ ಮೈಯೂ ಅದರ ಮೇಲೆ ಕೂರುವ ತಾಮ್ರದ ತಟ್ಟೆಯೂ ಕಣ್ಣಿಗೆ ನುಣುಪಾಗಿ ಕಂಡರೂ ಅವುಗಳ ನಡುವೆ ಸೂಕ್ಷ್ಮವಾದ ಹಳ್ಳಗಳಿರುತ್ತವೆ, ಆ ಹಳ್ಳಗಳಲ್ಲಿ ಗಾಳಿ ಇರುತ್ತದೆ. ತಾಮ್ರ ಶಾಖವನ್ನು ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಸಾಗಿಸುತ್ತದೆ ಎಂದ ಮೇಲೆ, ಕೂದಲೆಳೆಯಷ್ಟು ಗಾಳಿಯೂ ದೊಡ್ಡ ಅಡ್ಡಗೋಡೆಯೇ. ಆ ಗಾಳಿಯನ್ನು ಹೊರದೂಡಿ ಹಳ್ಳ ತುಂಬುವುದು ಪೇಸ್ಟಿನ ಕೆಲಸ. ವರ್ಷಗಳು ಕಳೆದಂತೆ ಅದು ಒಣಗಿ ಬಿರುಕು ಬಿಡುತ್ತದೆ ಅಥವಾ ಪಕ್ಕಕ್ಕೆ ಸರಿದುಹೋಗುತ್ತದೆ.

ಮೂರು ನಾಲ್ಕು ವರ್ಷ ದಾಟಿದ ಯಂತ್ರದಲ್ಲಿ, ಧೂಳು ತೆಗೆದ ಮೇಲೂ ತಾಪಮಾನ ಇಳಿಯದಿದ್ದರೆ ಪೇಸ್ಟ್ ಬದಲಾಯಿಸುವುದು ಸಾರ್ಥಕ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಬೇಕು, ಹೊಸದನ್ನು ತೆಳುವಾಗಿ ಹಾಕಬೇಕು, ತಟ್ಟೆಯ ಸ್ಕ್ರೂಗಳನ್ನು ಅವುಗಳ ಪಕ್ಕ ಬರೆದಿರುವ ಅಂಕಿಗಳ ಕ್ರಮದಲ್ಲೇ ಬಿಗಿಯಬೇಕು. ದ್ರವಲೋಹದ ಪೇಸ್ಟಿನ ಗೊಡವೆ ಬೇಡ: ಅದರಲ್ಲಿರುವ ಗ್ಯಾಲಿಯಂ ಅಲ್ಯುಮಿನಿಯಂ ಅನ್ನು ಕೊರೆಯುತ್ತದೆ, ವಿದ್ಯುತ್ತನ್ನೂ ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಯಂತ್ರವೇ ಹೋಯಿತು.

ಕೂಲಿಂಗ್ ಪ್ಯಾಡ್ (ಲ್ಯಾಪ್‌ಟಾಪ್‌ನ ಅಡಿಗಿಡುವ ಫ್ಯಾನುಳ್ಳ ಮಣೆ) ಕೊಳ್ಳಬೇಕೇ?

ಗಾಳಿಯನ್ನು ತಳದಿಂದ ಎಳೆದುಕೊಳ್ಳುವ ಯಂತ್ರವಾದರೆ ಕೆಲವು ಡಿಗ್ರಿ ಇಳಿಯಬಹುದು. ತಳದಲ್ಲಿ ಕಿಂಡಿಗಳೇ ಇಲ್ಲದಿದ್ದರೆ ಹೆಚ್ಚೇನೂ ಆಗದು. ಹಿಂಭಾಗದ ಎರಡು ಮೂಲೆಗಳ ಕೆಳಗೆ ಎರಡು ಬಾಟಲಿ ಮುಚ್ಚಳಗಳನ್ನಿಟ್ಟು ಒಂದು ದಿನ ನೋಡಿ; ಅಷ್ಟರಿಂದಲೇ ತಾಪಮಾನ ಇಳಿದರೆ ಪ್ಯಾಡಿನ ದುಡ್ಡು ಉಳಿಯಿತು.

ಹಾಸಿಗೆಯ ಮೇಲೆ ಅಥವಾ ತೊಡೆಯ ಮೇಲೆ ಇಟ್ಟುಕೊಂಡರೆ ಏನಾಗುತ್ತದೆ?

ಹಾಸಿಗೆ, ದಿಂಬು, ರಗ್ಗು ತಳದ ಕಿಂಡಿಗಳನ್ನು ಮುಚ್ಚುತ್ತವೆ. ಜೊತೆಗೆ ಮೊದಲು ಹೇಳಿದ ಬಟ್ಟೆಯ ಎಳೆಗಳು ಒಳಸೇರುವುದೂ ಇಲ್ಲಿಂದಲೇ. ಒಂದು ಮಣೆಯನ್ನೋ ರಟ್ಟನ್ನೋ ಅಡಿಗಿಟ್ಟುಕೊಂಡರೆ ಸಾಕು. ತೊಡೆಯ ವಿಷಯದಲ್ಲಿ ಚಿಂತೆ ಯಂತ್ರದ್ದಲ್ಲ, ಚರ್ಮದ್ದು. ದಿನಗಟ್ಟಲೆ ಒಂದೇ ಕಡೆ ಹದವಾದ ಶಾಖ ತಾಗುತ್ತಿದ್ದರೆ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ವೈದ್ಯರು ಇದನ್ನು ಎರಿಥೀಮಾ ಅಬ್ ಇಗ್ನೆ ಎನ್ನುತ್ತಾರೆ. ಒಲೆಯ ಮುಂದೆ ಬಹಳ ಹೊತ್ತು ಕೂರುವವರಲ್ಲಿ ಹಿಂದಿನಿಂದಲೂ ಕಾಣುತ್ತಿದ್ದ ಈ ಗುರುತು ಈಗ ಲ್ಯಾಪ್‌ಟಾಪ್ ಬಳಸುವವರ ತೊಡೆಗೂ ಬಂದಿದೆ.

ನಮ್ಮದು ಕಲಬುರಗಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಎಸಿ ಇಲ್ಲದೆ ಲ್ಯಾಪ್‌ಟಾಪ್ ಬಳಸಬಾರದೇ?

ಬಳಸಬಹುದು, ಲೆಕ್ಕ ತಿಳಿದು ಬಳಸಬೇಕು. ಒಂದೇ ಕೆಲಸಕ್ಕೆ ಪ್ರೊಸೆಸರ್ ಕೋಣೆಯ ಗಾಳಿಗಿಂತ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಕೋಣೆ 25 ಡಿಗ್ರಿ ಇದ್ದಾಗ 82ರಲ್ಲಿ ನಿಲ್ಲುತ್ತಿದ್ದ ಪ್ರೊಸೆಸರ್, ಕೋಣೆ 40 ಆದಾಗ 97ಕ್ಕೆ ಹೋಗಿ ಮಿತಿಯ ಬಾಗಿಲು ತಟ್ಟುತ್ತದೆ. ಡಿಸೆಂಬರ್‌ನಲ್ಲಿ ಸರಿಯಿದ್ದ ಯಂತ್ರ ಏಪ್ರಿಲ್‌ನಲ್ಲಿ ಕೆಟ್ಟಿತೆನಿಸುವುದರ ಗುಟ್ಟು ಇದು, ಯಂತ್ರ ಕೆಟ್ಟಿರುವುದೇ ಇಲ್ಲ. ಸೀಲಿಂಗ್ ಫ್ಯಾನಿನಿಂದ ನಿಮ್ಮ ಬೆವರು ಆರಿ ತಂಪೆನಿಸಿದರೂ ಗಾಳಿಯ ತಾಪಮಾನ ಇಳಿಯುವುದಿಲ್ಲ. ಆದರೆ ಯಂತ್ರದ ಸುತ್ತ ನಿಂತ ಬಿಸಿಗಾಳಿಯನ್ನು ಅದು ಚದುರಿಸುವುದರಿಂದ ಸ್ವಲ್ಪ ನೆರವಾಗುತ್ತದೆ.

ವಿಡಿಯೊ ರೆಂಡರಿಂಗ್‌ನಂಥ ಭಾರದ ಕೆಲಸಗಳನ್ನು ಬೆಳಗಿನ ಜಾವಕ್ಕೋ ರಾತ್ರಿಗೋ ಇಟ್ಟುಕೊಳ್ಳಿ. ಆಪಲ್ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿಯ ವಾತಾವರಣದಲ್ಲಿ ಬಳಸಬೇಕೆಂದು ಹೇಳುತ್ತದೆ. ನಮ್ಮ ಬೇಸಿಗೆ ಆ ಗೆರೆಯನ್ನು ದಾಟುವುದರಿಂದ ಮಧ್ಯಾಹ್ನದ ಹೊತ್ತು ಚಾರ್ಜಿಂಗ್ ಮತ್ತು ಭಾರದ ಕೆಲಸ ಎರಡನ್ನೂ ಒಟ್ಟಿಗೆ ಹೇರದಿರುವುದು ಜಾಣತನ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಲ್ಯಾಪ್‌ಟಾಪ್ ಬಿಟ್ಟು ಹೋಗುವುದಂತೂ ಬೇಡವೇ ಬೇಡ.

ಬೇಗ ತಣ್ಣಗಾಗಲೆಂದು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿ ಇಡಬಹುದೇ?

ಕೂಡದು. ಹೊರತೆಗೆದೊಡನೆ ತಣ್ಣನೆಯ ಬೋರ್ಡಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಮಂಗಳೂರಿನಂಥ ಕಡಲತೀರದ ಊರುಗಳಲ್ಲಿ ಇದು ಇನ್ನೂ ಬೇಗ ಆಗುತ್ತದೆ.

ಏನನ್ನೂ ಬಿಚ್ಚದೆ, ಸೆಟ್ಟಿಂಗ್‌ಗಳಿಂದಲೇ ಬಿಸಿ ಕಡಿಮೆ ಮಾಡಬಹುದೇ?

ಮಾಡಬಹುದು, ಮತ್ತು ಇದು ಅನೇಕರಿಗೆ ಗೊತ್ತಿಲ್ಲದ ಒಳ್ಳೆಯ ದಾರಿ. ಪ್ರೊಸೆಸರ್ ಬಳಸುವ ವಿದ್ಯುತ್ತು ಅದರ ವೇಗಕ್ಕೆ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ತುತ್ತತುದಿಯ ವೇಗಕ್ಕೆ ಹೆಚ್ಚಿನ ವೋಲ್ಟೇಜೂ ಬೇಕಾಗುವುದರಿಂದ, ಕೊನೆಯ ಒಂದಿಷ್ಟು ವೇಗಕ್ಕಾಗಿ ಮಿತಿಮೀರಿದ ಶಾಖ ತೆರಬೇಕಾಗುತ್ತದೆ. ಅಷ್ಟನ್ನು ಬಿಟ್ಟುಕೊಟ್ಟರೆ ಯಂತ್ರ ಓಡಿ ಓಡಿ ಕುಸಿಯುವ ಬದಲು ಒಂದೇ ಹದದಲ್ಲಿ ನಡೆಯುತ್ತದೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಪವರ್ ಆ್ಯಂಡ್ ಬ್ಯಾಟರಿ ಎಂಬಲ್ಲಿ ಪವರ್ ಮೋಡ್ ಅನ್ನು ಬ್ಯಾಲೆನ್ಸ್‌ಡ್ ಅಥವಾ ಬೆಸ್ಟ್ ಪವರ್ ಎಫಿಶಿಯನ್ಸಿಗೆ ಬದಲಾಯಿಸಿ ನೋಡಿ. ಹಲವು ಯಂತ್ರಗಳಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನೊಳಗೆ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ನಿಂತುಹೋಗುತ್ತದೆ; ಹೆಸರಿಗೆ ಶೇ 1ರ ಬದಲಾವಣೆ, ತಾಪಮಾನದಲ್ಲಿ ಇಳಿಯುವುದು ಹಲವು ಡಿಗ್ರಿ. ಬರವಣಿಗೆ, ಬ್ರೌಸಿಂಗ್, ಆನ್‌ಲೈನ್ ತರಗತಿಗಳಿಗೆ ಇದರಿಂದ ವ್ಯತ್ಯಾಸವೇ ತಿಳಿಯದು. ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆಯನ್ನು ಮರೆಮಾಡಿರುತ್ತಾರೆ. ವೋಲ್ಟೇಜನ್ನು ಮಾತ್ರ ಇಳಿಸುವ ಅಂಡರ್‌ವೋಲ್ಟಿಂಗ್ ಎಂಬ ಉಪಾಯ ಹಿಂದೆ ಜನಪ್ರಿಯವಾಗಿತ್ತು. 2019ರಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಯಲಾದ ಮೇಲೆ ಇಂಟೆಲ್ ಪ್ರೊಸೆಸರ್‌ನ ಅನೇಕ ಯಂತ್ರಗಳಲ್ಲಿ ಅದನ್ನು ಬೀಗ ಹಾಕಿ ಮುಚ್ಚಲಾಗಿದೆ.

ಬಯಾಸ್‌ಗೆ (ಯಂತ್ರವನ್ನು ಎಬ್ಬಿಸುವ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್) ಅಪ್‌ಡೇಟ್ ಇದೆಯೇ ಎಂದೂ ತಯಾರಕರ ಜಾಲತಾಣದಲ್ಲಿ ನೋಡಿ. 2018ರ ಜುಲೈನಲ್ಲಿ ಬಂದ ಮ್ಯಾಕ್‌ಬುಕ್ ಪ್ರೊ ಭಾರದ ಕೆಲಸದಲ್ಲಿ ಅತಿಯಾಗಿ ನಿಧಾನಗೊಳ್ಳುತ್ತದೆಂಬ ದೂರು ಬಂದಾಗ, ಶಾಖ ನಿರ್ವಹಣೆಯ ಫರ್ಮ್‌ವೇರ್‌ನಲ್ಲಿ ಡಿಜಿಟಲ್ ಕೀಲಿಯೊಂದು ಬಿಟ್ಟುಹೋಗಿತ್ತು ಎಂದು ಆಪಲ್ ಒಪ್ಪಿಕೊಂಡು, ತಂತ್ರಾಂಶದಿಂದಲೇ ಅದನ್ನು ಸರಿಪಡಿಸಿತು.

ಮ್ಯಾಕ್‌ಬುಕ್‌ನಲ್ಲಿ ಕರ್ನಲ್ ಟಾಸ್ಕ್ ಎಂಬುದೇ ಹೆಚ್ಚು ಸಿಪಿಯು ತಿನ್ನುತ್ತಿದೆ. ಅದನ್ನು ನಿಲ್ಲಿಸಲೇ?

ಅದು ತಿನ್ನುತ್ತಿಲ್ಲ, ಬೇರೆಯವರು ತಿನ್ನದಂತೆ ತಟ್ಟೆಗೆ ಕೈ ಅಡ್ಡ ಹಿಡಿದಿದೆ. ಬಿಸಿ ಹೆಚ್ಚಾದಾಗ ಇತರ ಪ್ರೊಗ್ರಾಮ್‌ಗಳಿಗೆ ಪ್ರೊಸೆಸರ್ ಸಿಗದಂತೆ ಮಾಡುವುದು ಅದರ ಕೆಲಸಗಳಲ್ಲೊಂದು. ಬಿಸಿಯ ಮೂಲ ಸರಿಹೋದರೆ ಅದು ತಾನಾಗಿ ತಗ್ಗುತ್ತದೆ. 2020ರ ಎಂ1 ಮ್ಯಾಕ್‌ಬುಕ್ ಏರ್‌ನಂಥ ಯಂತ್ರಗಳಲ್ಲಿ ಫ್ಯಾನೇ ಇಲ್ಲ. ದೀರ್ಘಕಾಲದ ಭಾರದಲ್ಲಿ ಅವು ವೇಗ ಇಳಿಸಿಕೊಳ್ಳುವುದು ವಿನ್ಯಾಸದ ಭಾಗವೇ ಆಗಿದೆ.

ಚಾರ್ಜರ್ ಹಾಕಿದಾಗ, ಅಥವಾ ಚಾರ್ಜರ್ ಬದಲಾಯಿಸಿದ ಮೇಲೆ ನಿಧಾನವಾಗಿದೆ. ಇದೂ ಶಾಖವೇ?

ಇರಲಾರದು. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟ್‌ನ ಅಡಾಪ್ಟರ್ ಹಾಕಿದರೆ, ಅಥವಾ ಅಡಾಪ್ಟರ್‌ನ ಗುರುತು ಯಂತ್ರಕ್ಕೆ ಸಿಗದಿದ್ದರೆ, ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಕಟ್ಟಿಹಾಕುತ್ತವೆ. ತಾಪಮಾನ 50 ಡಿಗ್ರಿಯಲ್ಲಿದ್ದೂ ವೇಗ 1 ಗಿಗಾಹರ್ಟ್ಸ್‌ಗಿಂತ ಕೆಳಗೆ ನಿಂತಿದ್ದರೆ ಮೊದಲು ಅಡಾಪ್ಟರ್‌ನ ಮೇಲೆ ಮುದ್ರಿಸಿರುವ ವ್ಯಾಟ್ ಓದಿ ನೋಡಿ.

ಸದಾ ಚಾರ್ಜರ್‌ನಲ್ಲೇ ಇಟ್ಟು ಬಳಸುವವರು ಚಾರ್ಜನ್ನು ಶೇ 80ಕ್ಕೆ ಮಿತಿಗೊಳಿಸುವ ಆಯ್ಕೆಯನ್ನು ತಯಾರಕರ ತಂತ್ರಾಂಶದಲ್ಲಿ ಹುಡುಕಿ ಹಾಕಿಕೊಳ್ಳಬೇಕು. ಪೂರ್ತಿ ತುಂಬಿದ ಲಿಥಿಯಂ ಬ್ಯಾಟರಿಗೆ ಶಾಖ ಸೇರಿದರೆ ಅದರ ಆಯುಸ್ಸು ಬೇಗ ಸವೆಯುತ್ತದೆ.

ಟಚ್‌ಪ್ಯಾಡ್ ಮೇಲೆದ್ದಿದೆ, ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ. ಶಾಖಕ್ಕೆ ಪ್ಲಾಸ್ಟಿಕ್ ಬಾಗಿದೆಯೇ?

ಬ್ಯಾಟರಿ ಉಬ್ಬಿದೆ. ಈ ಒಂದು ಲಕ್ಷಣವನ್ನು ಮಾತ್ರ ನಾಳೆಗೆ ಮುಂದೂಡಬೇಡಿ. ಕೂಡಲೇ ಆರಿಸಿ, ಚಾರ್ಜರ್ ಕಿತ್ತು, ಅದನ್ನು ಒತ್ತದೆ, ಚುಚ್ಚದೆ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಉಬ್ಬಿದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಬೇಕು. ಲಿಥಿಯಂ ಬ್ಯಾಟರಿಯ ಬೆಂಕಿ ಸಣ್ಣ ವಿಷಯವಲ್ಲ: 2006ರಲ್ಲಿ ಡೆಲ್ ಇದೇ ಭಯದಿಂದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು, 2019ರಲ್ಲಿ ಆಪಲ್ ಕೆಲವು 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಯನ್ನು ಹಿಂಪಡೆದಾಗ, ಅವುಗಳನ್ನು ವಿಮಾನದಲ್ಲಿ ಒಯ್ಯಬೇಡಿ ಎಂದು ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರಯಾಣಿಕರಿಗೆ ಸೂಚಿಸಿತ್ತು.

ಮುಚ್ಚಿ ಬ್ಯಾಗಿನಲ್ಲಿಟ್ಟು ಬಸ್ಸು ಹತ್ತಿದೆ. ಇಳಿಯುವಾಗ ಬ್ಯಾಗು ಸುಡುತ್ತಿತ್ತು. ಯಾಕೆ?

ಮುಚ್ಚಳ ಮುಚ್ಚಿದರೆ ಇಂದಿನ ಹಲವು ಯಂತ್ರಗಳು ಪೂರ್ತಿ ಮಲಗುವುದಿಲ್ಲ. ಮೊಬೈಲಿನಂತೆ ಅರೆನಿದ್ದೆಯಲ್ಲಿದ್ದು, ಅಪ್‌ಡೇಟಿಗೋ ಮೇಲ್‌ಗೋ ನಡುನಡುವೆ ಎಚ್ಚರಗೊಳ್ಳುತ್ತವೆ. ಬ್ಯಾಗಿನೊಳಗೆ ಗಾಳಿಯಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ (ತೆರೆದ ಕೆಲಸವನ್ನು ಉಳಿಸಿಟ್ಟು ಪೂರ್ತಿ ಆರುವುದು) ಆಗುವಂತೆ ಮಾಡಿಕೊಳ್ಳಿ, ಇಲ್ಲವೇ ಹೊರಡುವ ಮುನ್ನ ಶಟ್‌ಡೌನ್ ಮಾಡಿ.

ರಿಪೇರಿಗೆ ಕೊಡುವಾಗ ಏನನ್ನು ಗಮನಿಸಬೇಕು?

ವಾರಂಟಿ ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ಗೇ ಕೊಡಿ. ಮುಗಿದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ಈ ಕೆಲಸ ಬಲ್ಲವರಿದ್ದಾರೆ. "ನಿಧಾನವಾಗಿದೆ" ಎಂದಷ್ಟೇ ಹೇಳಿ ಕೊಟ್ಟರೆ ಫಾರ್ಮ್ಯಾಟ್ ಆಗಿ ಬರುತ್ತದೆ, ನಿಮ್ಮ ಕಡತಗಳೂ ಹೋಗಿರುತ್ತವೆ. ಹಾಗಾಗಿ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಯಾವ ಕೆಲಸದಲ್ಲಿ, ಎಷ್ಟು ನಿಮಿಷಕ್ಕೆ, ಎಷ್ಟು ಡಿಗ್ರಿ, ಎಷ್ಟು ಗಿಗಾಹರ್ಟ್ಸ್ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಧೂಳು ತೆಗೆದು ಪೇಸ್ಟ್ ಬದಲಾಯಿಸಲು ಹೇಳಿ. ಫ್ಯಾನು ಕರಕರ ಎನ್ನುತ್ತಿದ್ದರೆ ಅದರ ಬೇರಿಂಗ್ ಸವೆದಿದೆ. ಎಣ್ಣೆ ಬಿಡಿಸಿದರೆ ಕೆಲವು ವಾರ ಸುಮ್ಮನಿದ್ದು ಮತ್ತೆ ಶುರುವಾಗುವುದರಿಂದ ಫ್ಯಾನನ್ನೇ ಬದಲಾಯಿಸಿ. ಮರಳಿ ಪಡೆಯುವಾಗ ಅಲ್ಲೇ ಕೂತು ಅದೇ ಕೆಲಸವನ್ನು ಅಷ್ಟೇ ಹೊತ್ತು ಓಡಿಸಿ, ಚೀಟಿಯಲ್ಲಿರುವ ಅಂಕಿಗಳ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದುಕೊಂಡು, ಆಮೇಲೆ ಹಣ ಕೊಡಿ.